ಓದುಗರ ಪ್ರಶ್ನೆ: ಗಣಕ ಕಟ್ಟಿದ ಧಾಟಿ

ಪ್ರಶ್ನೆ: ಭೀಮಪಲಾಸ್ ರಾಗದಲ್ಲಿ ನಾವು ಹಾಡುವ 20 ತತ್ವಪದಗಳ ಸ್ವರ ಬರೆದು, ಯಾವ ಸ್ವರದ ಮುಂದೆ ಯಾವುದು ಎಷ್ಟು ಸಲ ಬರುತ್ತದೆಂದು ಎಣಿಸಿ, ಆ ಲೆಕ್ಕದ ಮೇಲೆ ಕಂಪ್ಯೂಟರಿನಿಂದ ಹೊಸ ಧಾಟಿ ಕಟ್ಟಿಸಿದೆ. ಸ್ವರ ತಪ್ಪಿಲ್ಲ, ಆದರೆ ರಾಗವೇ ಕಾಣುವುದಿಲ್ಲ. ಹಿಂದಿನ ಎರಡು ಸ್ವರ ನೋಡುವಂತೆ ಮಾಡಿದರೆ ಹಳೆಯ ಪದವನ್ನೇ ಒಪ್ಪಿಸುತ್ತದೆ. ಎಲ್ಲಿ ಎಡವಿದೆ?
— ಸಂಗೀತ ಶಿಕ್ಷಕರು, ಆಳಂದ

ಉತ್ತರ: ಈ ವಿಧಾನದ ಗುಣವೇ ಅದು. ಮೂರು ಸ್ಥಾಯಿಗೆ 7ರಂತೆ 21 ಸ್ವರ. ಒಂದೇ ಸ್ವರ ಹಿಂದೆ ನೋಡಿದರೆ ಕೋಷ್ಟಕದಲ್ಲಿ 441 ಮನೆ, ಎರಡು ನೋಡಿದರೆ 9,261. ಪದಕ್ಕೆ 64 ಸ್ವರವೆಂದರೂ ನಿಮ್ಮ ಬಳಿ ಇರುವುದು 1,280. ಬಹುಪಾಲು ಮನೆ ಖಾಲಿ. ಎಷ್ಟೋ ಕಡೆ ಮುಂದಕ್ಕೆ ಒಂದೇ ದಾರಿ, ಅದೂ ಹಳೆಯ ಪದ ತುಳಿದದ್ದು. ಒಂದೇ ಸ್ವರದ ನೆನಪಿಗೆ ಇದರ ಉಲ್ಟಾ ರೋಗ: ಗ ಮುಂದೆ ಮ ಸರಿ, ಮ ಮುಂದೆ ಗ ಸರಿ, ಹಾಗಾಗಿ 'ಗ ಮ ಗ ಮ' ಎಂದು ಗಾಣದೆತ್ತಿನಂತೆ ತಿರುಗಿದರೂ ಲೆಕ್ಕ ತಪ್ಪುವುದಿಲ್ಲ. ಈ ರಾಗದಲ್ಲಿ ಮಧ್ಯಮದ (ಮ) ಮೇಲೆ ನಿಲ್ಲಬೇಕೆಂದು ಅದಕ್ಕೆ ಹೇಳಿದವರು ಯಾರು?

ಸ್ವರ ಎಣಿಸುವುದನ್ನು ಬಿಡಿ. ಹಾಡುವಾಗ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಪದಗಳನ್ನು ಕತ್ತರಿಸಿ: 'ನಿ ಸ ಗ ಮ', 'ಪ ಮ ಗ ಮ', 'ಗ ರಿ ಸ'. ಪ್ರತಿ ತುಣುಕಿಗೂ ಆರಂಭ, ನಡು, ಮುಕ್ತಾಯ ಎಂದು ಗುರುತು ಹಾಕಿ, ಮಾತ್ರೆಯ ಸಂಖ್ಯೆ ಬರೆಯಿರಿ. ಪಲ್ಲವಿಯ ಕೊನೆಗೆ ಮುಕ್ತಾಯದ ತುಣುಕು ಮಾತ್ರ ಬರಲಿ. 50 ಧಾಟಿ ಹೊರಡಿಸಿ, ಪೇಟಿಯ ಮೇಲೆ ನುಡಿಸಿ, ಎರಡು ಉಳಿಸಿಕೊಂಡರೆ ಸಾಕು. 1957ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹಿಲ್ಲರ್ ಮತ್ತು ಐಸಾಕ್ಸನ್ ಇಲಿಯಾಕ್ ಎಂಬ ಕಂಪ್ಯೂಟರಿನಿಂದ ತಂತಿವಾದ್ಯ ಚತುಷ್ಟಯಕ್ಕಾಗಿ 'ಇಲಿಯಾಕ್ ಸ್ವೀಟ್' ಎಂಬ ಕೃತಿ ಮಾಡಿಸಿದಾಗಲೂ ಯಂತ್ರ ಅಡ್ಡಾದಿಡ್ಡಿ ಸ್ವರ ಹುಟ್ಟಿಸುತ್ತಿತ್ತು, ನಿಯಮಕ್ಕೆ ಒಗ್ಗದ್ದನ್ನು ತಳ್ಳುತ್ತಿತ್ತು. ಆ ನಿಯಮ ಬರೆದವರು ಮನುಷ್ಯರು. ಸೃಷ್ಟಿ ಯಾರದೆಂದು ಕೇಳಿದರೆ ನಾನು ಉಳಿದ 48ನ್ನು ಬಿಸಾಕಿದವರ ಕಡೆ ಕೈ ತೋರಿಸುತ್ತೇನೆ.

ಸಾಹಿತ್ಯ ಕೂಡಿಸುವಾಗ ಮಾತ್ರ ಯಂತ್ರವನ್ನು ನಂಬಬೇಡಿ. ಲಘುವನ್ನು ನಾಲ್ಕು ಮಾತ್ರೆ ಎಳೆದರೆ 'ಮರಿ' ಹೋಗಿ 'ಮಾರಿ' ಬರುತ್ತಾಳೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳಂತೆ ಮಾತೇ ಮುಂದಿರುವ ಕಡೆ ಇದು ನಡೆಯದು.

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿದ್ದ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವಿಕೆ), ಅದೇ ಮಿಡಿ ಫೈಲನ್ನು (ಧ್ವನಿಯಲ್ಲ, ನುಡಿಸುವ ಸೂಚನೆಗಳ ಫೈಲು) ಗೆಳೆಯರಿಗೆ ಕೊಟ್ಟರೆ ಅಪಸ್ವರವಾಗುತ್ತದೆ.
— ಓದುಗರು, ಬಸವಕಲ್ಯಾಣ

ಉತ್ತರ: ಪಿಚ್ ಬೆಂಡ್ ವ್ಯಾಪ್ತಿ, ಅಂದರೆ ಸ್ವರವನ್ನು ಎಷ್ಟು ದೂರ ಜಾರಿಸಬಹುದೆಂಬ ಮಿತಿ, ಎರಡೂ ಕಡೆ ಒಂದೇ ಇಲ್ಲ. ಸಾಮಾನ್ಯವಾಗಿ ಅದು ಮೇಲೆ-ಕೆಳಗೆ 2 ಅರ್ಧಸ್ವರ. ಪಂಚಮದಿಂದ ಕೋಮಲ ಗಾಂಧಾರಕ್ಕೆ 4 ಇಳಿಯಬೇಕಾದ್ದರಿಂದ ನೀವು 12ಕ್ಕೆ ಏರಿಸಿರುತ್ತೀರಿ. ಅವರ ವಾದ್ಯದಲ್ಲಿ 2 ಇದ್ದರೆ ನಿಮ್ಮ ಮೀಂಡ್ ಆರರಲ್ಲಿ ಒಂದು ಭಾಗಕ್ಕೆ, ಅಂದರೆ ಒಂದು ಅರ್ಧಸ್ವರಕ್ಕೂ ಕಡಿಮೆಗೆ ಕುಗ್ಗುತ್ತದೆ. ಅವರ ಕಡೆಯೂ 12 ಇಡಿಸಿ; ಪಿಚ್ ಬೆಂಡ್ ಅಂಕಿ ಮಧ್ಯಬಿಂದುವಿನಿಂದ ಸುಮಾರು 2,731 ಇಳಿದಾಗ ಗಾಂಧಾರ ಸಿಗುತ್ತದೆ.