ಹಿಕ್ಕೆ ನಿಂತರೆ ನಾಳೆಗೆ ಕಾಯಬೇಡಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮದು ಬಾಗಲಕೋಟೆಯ ನವನಗರ. ಮನೆಯಲ್ಲಿ ಎರಡು ವರ್ಷದ ಬಿಳಿ ಮೊಲ ಇದೆ. ಹೆಸರು ಬೆಳ್ಳಿ, ತೂಕ 2 ಕೆಜಿ. ಹೋದ ವಾರ ನೆಂಟರು ಬಂದಿದ್ದರು. ಮಕ್ಕಳು ಅದಕ್ಕೆ ಬಾಳೆಹಣ್ಣು, ಬ್ರೆಡ್, ಚುರುಮುರಿ ಎಲ್ಲ ತಿನ್ನಿಸಿದರು. ಮರುದಿನ ಬೆಳಿಗ್ಗೆ ಮೂಲೆಯಲ್ಲಿ ಮುದುಡಿ ಕೂತಿತ್ತು. ಕೊತ್ತಂಬರಿ ಇಟ್ಟರೂ ಮೂಸಲಿಲ್ಲ. ಒಂದು ದಿನ ಉಪವಾಸ ಬಿಟ್ಟರೆ ಸರಿಹೋಗುತ್ತದೆ ಅಂತ ಅತ್ತೆಯವರು ಅಂದರು, ಓಮಿನ ನೀರು ಕುಡಿಸಿದೆವು. ಅದರ ಮರುದಿನ ಡಾಕ್ಟರ ಹತ್ತಿರ ಒಯ್ದಾಗ ಎಕ್ಸ್‌ರೇ ತೆಗೆದು, ಕರುಳು ನಿಂತುಬಿಟ್ಟಿದೆ, ಅಡ್ಡ ಏನೂ ಸಿಕ್ಕಿಕೊಂಡಿಲ್ಲ ಅಂದರು. ಎರಡು ದಿನ ಚರ್ಮದ ಕೆಳಗೆ ಸಲೈನ್, ನೋವಿನ ಇಂಜೆಕ್ಷನ್ ಕೊಟ್ಟರು. ಈಗ ಮನೆಗೆ ತಂದಿದ್ದೇವೆ. ಮೆಣಸಿನಕಾಳಿಗಿಂತ ಸಣ್ಣ ಹಿಕ್ಕೆ ನಾಲ್ಕೈದು ಹಾಕಿದೆ. ಸಿರಿಂಜಿನಲ್ಲಿ ತಿನ್ನಿಸಿ ಅಂದಿದ್ದಾರೆ, ನನಗೆ ಕೈ ನಡುಗುತ್ತದೆ. ಹೇಗೆ ತಿನ್ನಿಸಲಿ? ಬದುಕುತ್ತಾ ಅಕ್ಕಾ?

ಉತ್ತರ: ತಂಗಿ, ನಿನಗೆ ಫೋನಿನಲ್ಲೇ ಹೇಳಿದ್ದೇನೆ, ಅಚ್ಚಾಗುವವರೆಗೆ ಕಾಯುವ ವಿಷಯ ಇದಲ್ಲ. ಇಲ್ಲಿ ಬರೆಯುತ್ತಿರುವುದು ಮೊಲ ಸಾಕುವ ಉಳಿದವರಿಗಾಗಿ. ನಾನು ಡಾಕ್ಟರ್ ಅಲ್ಲ. ವಿಜಯಪುರದಲ್ಲಿ ಹದಿನೈದು ವರ್ಷದಿಂದ ಮೊಲ ಸಾಕುತ್ತಿದ್ದೇನೆ, ಕಾಯಿಲೆ ಬಿದ್ದ ಮೊಲಗಳ ಪಕ್ಕದಲ್ಲಿ ಎಷ್ಟೋ ರಾತ್ರಿ ಕೂತಿದ್ದೇನೆ. ಔಷಧದ ಮಾತು ಬಂದಲ್ಲೆಲ್ಲ ನಿಮ್ಮ ಡಾಕ್ಟರು ಹೇಳಿದ್ದೇ ಕೊನೆ.

ಮೊದಲು ಬೆಳ್ಳಿಯ ವಿಷಯ. ಹಿಕ್ಕೆ ಬಂದಿದೆ ಅಲ್ವಾ, ಅದು ಒಳ್ಳೆಯ ಸುದ್ದಿ. ಸಣ್ಣದಿರಲಿ, ಸೊಟ್ಟಗಿರಲಿ, ಕೂದಲಿನ ಎಳೆಗೆ ಮಣಿ ಪೋಣಿಸಿದ ಹಾಗೆ ಬರಲಿ, ಕರುಳು ಮತ್ತೆ ಕೆಲಸ ಶುರು ಮಾಡಿದೆ ಅಂತಲೇ ಅರ್ಥ. ಹಿಕ್ಕೆ ಕಡಲೆಕಾಳಿನ ಗಾತ್ರಕ್ಕೆ ಬರಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಕೈ ಬಿಡಬೇಡ.

ಇದು ಯಾಕೆ ಹೀಗಾಗುತ್ತದೆ ಅಂತ ತಿಳಿದರೆ ಶುಶ್ರೂಷೆ ತಾನಾಗಿ ಅರ್ಥವಾಗುತ್ತದೆ. ಮೊಲದ ಕರುಳು ನಮ್ಮದರ ಹಾಗಲ್ಲ. ಅದು ಹಗಲೂ ರಾತ್ರಿ ಸ್ವಲ್ಪ ಸ್ವಲ್ಪ ತಿನ್ನುತ್ತಲೇ ಇರಬೇಕು, ಹುಲ್ಲಿನ ನಾರು ಹಿಂದಿನಿಂದ ತಳ್ಳುತ್ತಲೇ ಇರಬೇಕು. ನಾರು ಕಡಿಮೆಯಾಗಿ ಸಿಹಿ, ಹಿಟ್ಟಿನ ಪದಾರ್ಥ ಜಾಸ್ತಿಯಾದರೆ ಕರುಳು ನಿಧಾನವಾಗುತ್ತದೆ. ಒಳಗಿನ ಸೂಕ್ಷ್ಮಜೀವಿಗಳ ಲೆಕ್ಕ ತಪ್ಪಿ ಗ್ಯಾಸ್ ತುಂಬುತ್ತದೆ. ಗ್ಯಾಸಿನಿಂದ ನೋವು, ನೋವಿನಿಂದ ಊಟ ಬಿಡುವುದು, ಊಟ ಬಿಟ್ಟಿದ್ದಕ್ಕೆ ಕರುಳು ಇನ್ನೂ ನಿಧಾನ. ಹೊಟ್ಟೆಯಲ್ಲಿರುವುದು ಒಣಗಿ ಗಟ್ಟಿಯಾಗುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಊಟ ನಿಂತು ಹೊತ್ತಾದಂತೆ ಮೈಯ ಕೊಬ್ಬು ಕರಗಿ ಪಿತ್ತಜನಕಾಂಗಕ್ಕೆ ಹೋಗಿ ತುಂಬಿಕೊಳ್ಳುತ್ತದೆ. ದಪ್ಪ ಮೊಲಗಳಿಗೆ ಇದು ಇನ್ನೂ ಬೇಗ ಆಗುತ್ತದೆ. ನಾಯಿಗೆ, ನಮಗೆ ಹೊಟ್ಟೆ ಕೆಟ್ಟರೆ ಒಂದು ಹೊತ್ತು ಉಪವಾಸ ಒಳ್ಳೆಯದೇ, ಅತ್ತೆಯವರು ಆ ಅನುಭವದಿಂದಲೇ ಹೇಳಿದ್ದಾರೆ, ಅವರ ಮೇಲೆ ಬೇಸರ ಬೇಡ. ಆದರೆ ಮೊಲಕ್ಕೆ ಮಾತ್ರ ಉಪವಾಸ ವಿಷ. ಹತ್ತು ಹನ್ನೆರಡು ತಾಸು ಏನೂ ತಿಂದಿಲ್ಲ, ಹಿಕ್ಕೆ ಹಾಕಿಲ್ಲ ಅಂದರೆ ಅದು ತುರ್ತು. ಬೆಳಿಗ್ಗೆ ನೋಡೋಣ ಅನ್ನುವಂತಿಲ್ಲ.

ಈ ಮಾತು ನಾನು ಕಷ್ಟಪಟ್ಟು ಕಲಿತದ್ದು. ನನ್ನ ಮೊದಲ ಮೊಲ ಕರಿಯ ಒಂದು ಮೇ ತಿಂಗಳ ಮಧ್ಯಾಹ್ನ ಊಟ ಬಿಟ್ಟ. ಕರೆಂಟ್ ಹೋಗಿತ್ತು, ಸೆಖೆಗೆ ಮಲಗಿದ್ದಾನೆ ಅಂದುಕೊಂಡೆ. ರಾತ್ರಿ ಹಲ್ಲು ಕಡಿಯುವ ಸದ್ದು ಕೇಳಿತು, ನಿದ್ದೆಯಲ್ಲಿ ಏನೋ ಮಾಡುತ್ತಿದ್ದಾನೆ ಅಂದುಕೊಂಡೆ. ಅದು ನೋವಿನ ಸದ್ದು ಅಂತ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಕಿವಿ ಮುಟ್ಟಿದರೆ ತಣ್ಣಗಿತ್ತು. ಆಸ್ಪತ್ರೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿಬಿಟ್ಟಿದ್ದ. ತಲೆ ಸವರಿದಾಗ ಮೆಲ್ಲಗೆ ಹಲ್ಲು ಟಕಟಕ ಅನ್ನಿಸುವುದು ಖುಷಿಗೆ. ಜೋರಾಗಿ, ಒಂದೇ ಸಮ, ಮುದುಡಿ ಕೂತು ಕಡಿಯುವುದು ನೋವಿಗೆ. ಎರಡೂ ಬೇರೆ ಬೇರೆ, ದಯವಿಟ್ಟು ಕಿವಿಗೊಟ್ಟು ಕೇಳಿ.

ಈಗ ತಿನ್ನಿಸುವ ಕೆಲಸ. ಅದಕ್ಕೂ ಮೊದಲು ಹೊಟ್ಟೆ ಮುಟ್ಟಿ ನೋಡು. ಅಳ್ಳೆ ಮೆತ್ತಗಿರಬೇಕು. ಡೋಲಿನ ಹಾಗೆ ಬಿಗಿದಿದ್ದರೆ, ಮೊಲ ದಿಢೀರನೆ ತೀರಾ ಸೋತು ಬಿದ್ದಿದ್ದರೆ, ಏನೂ ತಿನ್ನಿಸಬೇಡ, ಹಾಗೇ ಡಾಕ್ಟರ ಹತ್ತಿರ ಓಡು. ಕರುಳಿಗೆ ಅಡ್ಡ ಸಿಕ್ಕಿಕೊಂಡಾಗ ಒತ್ತಾಯದಿಂದ ತುಂಬಿದರೆ ಹೊಟ್ಟೆ ಒಡೆದೇ ಹೋಗಬಹುದು. ನಿನ್ನ ಡಾಕ್ಟರು ಎಕ್ಸ್‌ರೇ ತೆಗೆದು ಅಡ್ಡ ಇಲ್ಲ ಅಂದ ಮೇಲೆ ತಿನ್ನಿಸಲು ಹೇಳಿದ್ದಾರಲ್ಲ, ಸರಿಯಾದ ಕ್ರಮ ಅದೇ.

ಮೊಲಕ್ಕೆಂದೇ ಮಾಡಿದ ಹುಲ್ಲಿನ ಪುಡಿ ಆನ್‌ಲೈನಿನಲ್ಲಿ ಸಿಗುತ್ತದೆ, ನೀರಲ್ಲಿ ಕಲಸಿ ಕೊಡುವುದು. ಆ ಪುಡಿ ಬರುವವರೆಗೆ ಮೊಲ ದಿನಾ ತಿನ್ನುವ ಹುಲ್ಲಿನ ಪೆಲೆಟನ್ನೇ (ಒತ್ತಿ ಮಾಡಿದ ಗುಳಿಗೆ) ಬೆಚ್ಚಗಿನ ನೀರಲ್ಲಿ ನೆನೆಹಾಕು. ಮೆತ್ತಗಾದ ಮೇಲೆ ಹಿಸುಕಿ, ಮಿಕ್ಸಿಯಲ್ಲಿ ನುಣ್ಣಗೆ ತಿರುವಿ, ತೆಳುವಾದ ಗಂಜಿಯ ಹದಕ್ಕೆ ತಾ. ಹಾಲು, ರಾಗಿ ಮಾಲ್ಟ್, ಮಕ್ಕಳ ಸಿರಿಲ್ಯಾಕ್, ಗ್ಲೂಕೋಸ್ ಬಿಸ್ಕತ್ತು ನೆನೆಸಿದ್ದು ಯಾವುದೂ ಬೇಡ. ಶಕ್ತಿ ಬರಲಿ ಅಂತ ಜನ ಪ್ರೀತಿಯಿಂದಲೇ ಕೊಡುತ್ತಾರೆ, ಆದರೆ ಕರುಳು ಕೆಟ್ಟದ್ದೇ ಇಂಥವುಗಳಿಂದ.

ಒಂದು ಸಲಕ್ಕೆ ಕೆಜಿಗೆ ಸುಮಾರು 10 ಎಂಎಲ್, ಅಂದರೆ ಬೆಳ್ಳಿಗೆ 20 ಎಂಎಲ್, ದಿನಕ್ಕೆ ನಾಲ್ಕೈದು ಸಲ. ಮೊದಲ ದಿನ ಇದರ ಅರ್ಧದಿಂದ ಶುರು ಮಾಡು. ಸೂಜಿ ತೆಗೆದ, ಬಾಯಿ ಅಗಲ ಇರುವ ಸಿರಿಂಜ್ ತೆಗೆದುಕೋ. ಮೊಲವನ್ನು ಟವೆಲ್ಲಿನಲ್ಲಿ ಸುತ್ತಿ, ನಾಲ್ಕು ಕಾಲೂ ನೆಲಕ್ಕೆ ತಾಗಿದ ಹಾಗೆ ಕೂರಿಸು. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬೇಡ, ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಮುಂದಿನ ಹಲ್ಲಿನ ಹಿಂದೆ ಪಕ್ಕದಲ್ಲಿ ಹಲ್ಲಿಲ್ಲದ ಜಾಗ ಇದೆ, ಸಿರಿಂಜಿನ ತುದಿ ಅಲ್ಲಿಂದ ಒಳಗೆ ಹೋಗಬೇಕು. ಒಮ್ಮೆಗೆ ಅರ್ಧ, ಹೆಚ್ಚೆಂದರೆ ಒಂದು ಎಂಎಲ್ ಅಷ್ಟೇ ಒತ್ತು. ಅದು ಜಗಿಯಬೇಕು, ನುಂಗಬೇಕು, ಆಮೇಲೆ ಮುಂದಿನದು. 20 ಎಂಎಲ್‌ಗೆ ಅರ್ಧ ತಾಸು ಹಿಡಿದರೂ ಪರವಾಗಿಲ್ಲ. ನಿನ್ನ ಕೈ ನಡುಗುವುದು ಎರಡನೇ ದಿನಕ್ಕೆ ನಿಲ್ಲುತ್ತದೆ, ನನಗೂ ಹಾಗೇ ಆಗಿತ್ತು.

ತಿನ್ನಿಸುವುದರ ಜೊತೆಗೆ ನೀರು. ಮೊಲಕ್ಕೆ ದಿನಕ್ಕೆ ಕೆಜಿಗೆ ಸುಮಾರು 100 ಎಂಎಲ್ ನೀರು ಬೇಕು, ಸೊಪ್ಪಿನಲ್ಲಿ ಸಿಗುವುದೂ ಇದರಲ್ಲೇ ಸೇರಿತು. ಬಾಟಲಿಯ ನಳಿಕೆಗಿಂತ ಅಗಲ ಬಟ್ಟಲಿನಲ್ಲಿ ಜಾಸ್ತಿ ಕುಡಿಯುತ್ತದೆ. ಸೊಪ್ಪನ್ನು ತೊಳೆದು ನೀರು ಕೊಡವದೆ ಹಾಗೇ ಕೊಡು.

ಮೈ ಬೆಚ್ಚಗಿದೆಯಾ ಅಂತ ಆಗಾಗ ನೋಡುತ್ತಿರು. ಆರೋಗ್ಯವಾಗಿರುವ ಮೊಲದ ಮೈ ಶಾಖ 38.5ರಿಂದ 40 ಡಿಗ್ರಿ ಸೆಲ್ಸಿಯಸ್, ನಮ್ಮದಕ್ಕಿಂತ ಜಾಸ್ತಿ. ಕಾಯಿಲೆ ಬಿದ್ದ ಮೊಲದ ಕಿವಿ, ಪಾದ ತಣ್ಣಗಾದರೆ ಅದು ಅಪಾಯದ ಗುರುತು. ಆಗ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಕಾವು ಕೊಡುತ್ತ ಡಾಕ್ಟರ ಹತ್ತಿರ ಹೊರಡಬೇಕು. ಬೆಚ್ಚಗಾಗುವ ಮೊದಲು ತಿನ್ನಿಸಬೇಡ. ನೋವಿನ ಔಷಧವನ್ನು ಅವರು ಹೇಳಿದಷ್ಟು ದಿನ ಪೂರ್ತಿ ಕೊಡು. ನೋವು ಇರುವವರೆಗೆ ಕರುಳು ಎಚ್ಚರಗೊಳ್ಳುವುದಿಲ್ಲ. ಮನೆಯಲ್ಲಿರುವ ನಮ್ಮ ಮಾತ್ರೆ ಪುಡಿ ಮಾಡಿ ಹಾಕುವುದು ಮಾತ್ರ ಖಂಡಿತ ಬೇಡ. ಓಮಿನ ನೀರು ಕೂಡ ಇನ್ನು ಬೇಡ.

ಹುಷಾರಾಗುತ್ತ ಬಂದ ಹಾಗೆ ಕೋಣೆಯಲ್ಲಿ ನಿಧಾನವಾಗಿ ಓಡಾಡಲು ಬಿಡು, ನಡೆದರೆ ಗ್ಯಾಸ್ ಸರಿಯುತ್ತದೆ. ಜೊತೆಗಾರ ಮೊಲ ಇದ್ದರೆ ಬೇರೆ ಮಾಡಬೇಡ. ಒಂಟಿಯಾದರೆ ಇನ್ನೂ ಕುಗ್ಗುತ್ತದೆ. ದಿನಾ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡು, ಹಿಕ್ಕೆ ಎಷ್ಟು, ಎಂಥದ್ದು ಅಂತಲೂ ಬರೆ. ಡಾಕ್ಟರಿಗೆ ಆ ಚೀಟಿ ತುಂಬ ಉಪಯೋಗಕ್ಕೆ ಬರುತ್ತದೆ.

ಸಣ್ಣ ದ್ರಾಕ್ಷಿ ಗೊಂಚಲಿನ ಹಾಗೆ ಅಂಟಿಕೊಂಡ, ಮೆತ್ತಗೆ ಹೊಳೆಯುವ ಕಪ್ಪು ಹಿಕ್ಕೆ ಕಂಡರೆ ಭೇದಿ ಅಂತ ಗಾಬರಿಯಾಗಬೇಡ. ಮೊಲ ಅದನ್ನು ಹಿಂದಿನಿಂದಲೇ ಬಾಯಿ ಹಾಕಿ ಮತ್ತೆ ತಿನ್ನುತ್ತದೆ. ಅದರಲ್ಲಿ ಬಿ ಜೀವಸತ್ವ, ಪ್ರೋಟೀನ್ ಇರುತ್ತದೆ. ಅಸಹ್ಯ ಅಂತ ತಡೆಯಬೇಡಿ, ಅದು ಅದರ ಊಟ.

ಮತ್ತೆ ಬರುತ್ತಾ ಅಂತ ಫೋನಿನಲ್ಲಿ ಕೇಳಿದೆಯಲ್ಲ. ಕಾರಣ ಉಳಿದರೆ ಬರುತ್ತದೆ. ಬೆಳ್ಳಿಯದು ತಿಂಡಿಯಿಂದ ಆದದ್ದು ಅನ್ನಿಸುತ್ತದೆ. ಆದರೂ ಪೂರ್ತಿ ಹುಷಾರಾದ ಮೇಲೆ ಒಮ್ಮೆ ಹಲ್ಲು ತೋರಿಸು. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ಹುಲ್ಲು ಜಗಿದು ಸವೆಯದಿದ್ದರೆ ದವಡೆ ಹಲ್ಲಿನ ಅಂಚು ಚೂಪಾಗಿ ನಾಲಿಗೆ, ಕೆನ್ನೆ ಕೊಯ್ಯುತ್ತದೆ. ಪದೇ ಪದೇ ಊಟ ಬಿಡುವ ಎಷ್ಟೋ ಮೊಲಗಳ ತೊಂದರೆ ಬಾಯಲ್ಲೇ ಇರುತ್ತದೆ, ನಾವು ಹೊಟ್ಟೆಗೆ ಔಷಧ ಹಾಕುತ್ತಿರುತ್ತೇವೆ. ನಮ್ಮ ಕಡೆಯ ಬಿಸಿಲೂ ಒಂದು ಕಾರಣ. 30 ಡಿಗ್ರಿ ದಾಟಿದರೆ ಮೊಲಕ್ಕೆ ಕಷ್ಟ, ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುತ್ತದೆ. ಶಹಾಬಾದ್ ಕಲ್ಲಿನ ನೆಲ ಇದ್ದರೆ ಅಲ್ಲಿ ಬಿಡಿ. ತಗಡಿನ ಕೆಳಗಿನ ಗೂಡಿನಲ್ಲಿ ಇಡಬೇಡಿ. ಐಸ್ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರೆ ಅದಕ್ಕೆ ಒರಗಿ ಮಲಗುತ್ತದೆ. ದೀಪಾವಳಿ ಪಟಾಕಿಗೂ ಮೊಲಗಳು ಹೆದರಿ ಊಟ ಬಿಡುತ್ತವೆ, ಆ ಎರಡು ಮೂರು ರಾತ್ರಿ ಒಳಕೋಣೆಯಲ್ಲಿಟ್ಟು ಹಿಕ್ಕೆ ಎಣಿಸಿ.

ಬದುಕುತ್ತಾ ಅಂತ ಕೇಳಿದ್ದೆ. ಈ ಕಾಲಂ ಬರೆಯುವ ಹೊತ್ತಿಗೆ ಬೆಳ್ಳಿ ತಾನಾಗಿ ಹುಲ್ಲು ಜಗಿಯುತ್ತಿದೆ ಅಂತ ನಿನ್ನಿಂದಲೇ ಕೇಳಿದೆ. ತುಂಬಾ ಸಂತೋಷವಾಯಿತು, ತಂಗಿ.

ಪ್ರಶ್ನೆ: ನಮ್ಮ ಮೊಲ ಸೀನುತ್ತಿತ್ತು. ಮನೆಯಲ್ಲಿ ಮಗನಿಗೆ ತಂದಿದ್ದ ಅಮಾಕ್ಸಿಸಿಲಿನ್ ಸಿರಪ್ ಉಳಿದಿತ್ತು, ಎರಡು ದಿನ ಒಂದೊಂದು ಹನಿ ಕೊಟ್ಟೆ. ಈಗ ನೀರಿನ ಹಾಗೆ ಭೇದಿ. ಏನು ಮಾಡಲಿ? (ಇಂಡಿ ತಾಲೂಕಿನ ಓದುಗರು)

ಉತ್ತರ: ಅಣ್ಣಾ, ನೀವು ಫೋನ್ ಮಾಡಿದಾಗ ಹೇಳಿದ್ದನ್ನೇ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಸಿರಪ್ ಆ ಕ್ಷಣವೇ ನಿಲ್ಲಿಸಿ, ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಪಶುವೈದ್ಯರ ಹತ್ತಿರ ಹೋಗಿ. ಪೆನಿಸಿಲಿನ್ ಜಾತಿಯ ಔಷಧ, ಅಮಾಕ್ಸಿಸಿಲಿನ್, ಆಂಪಿಸಿಲಿನ್, ಮತ್ತೆ ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಇವನ್ನು ಮೊಲಕ್ಕೆ ಬಾಯಿಂದ ಕೊಡಲೇಬಾರದು. ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಇವು ಕೊಂದುಹಾಕುತ್ತವೆ, ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಅನ್ನುವ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಮೊಲಕ್ಕೆ ಹೊಂದುವ ಆಂಟಿಬಯಾಟಿಕ್ ಬೇರೆ ಇವೆ, ಡಾಕ್ಟರು ಆರಿಸಿ ಕೊಡುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಡಾಕ್ಟರು ಹೆಚ್ಚಾಗಿ ನೋಡುವುದು ಎಮ್ಮೆ, ಆಡು, ಎತ್ತು. ಹಾಗಾಗಿ 'ಇದು ಮೊಲಕ್ಕೆ ಬಾಯಿಂದ ಕೊಡಬಹುದಾ ಸರ್' ಅಂತ ಬಾಯಿಬಿಟ್ಟು ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ನಾಯಿಯ ಉಣ್ಣೆಗೆ ಹಾಕುವ ಫಿಪ್ರೊನಿಲ್ ಸ್ಪ್ರೇ ಕೂಡ ಮೊಲಕ್ಕೆ ಆಗದು, ಇದನ್ನೂ ನೆನಪಿಡಿ.

ಪ್ರಶ್ನೆ: ಹುಲ್ಲು ಹುಲ್ಲು ಅಂತೀರಿ, ಬೆಳಗಾವಿ ಪೇಟೆಯಲ್ಲಿ ಮೊಲದ ಹುಲ್ಲು ಎಲ್ಲಿ ತರೋದು ಅಕ್ಕಾ? ನಮ್ಮ ಮೊಲ ಜೋಳದ ರೊಟ್ಟಿ, ಗಜ್ಜರಿ ತಿಂದುಕೊಂಡು ಚೆನ್ನಾಗೇ ಇದೆ.

ಉತ್ತರ: ಚೆನ್ನಾಗಿದೆ ಅಂತ ಈಗ ಕಾಣುತ್ತದೆ. ರೊಟ್ಟಿ ನಿಲ್ಲಿಸಿ, ಗಜ್ಜರಿ ವಾರಕ್ಕೆ ಎರಡು ಸಲ ಬೆರಳಿನಷ್ಟು ಸಾಕು. ಊಟದ ಹತ್ತರಲ್ಲಿ ಎಂಟು ಪಾಲು ಹುಲ್ಲೇ ಇರಬೇಕು. ದುಬಾರಿ ಟಿಮೋತಿ ಹುಲ್ಲೇ ಆಗಬೇಕೆಂದೇನೂ ಇಲ್ಲ. ಹಳ್ಳಿಯ ನೆಂಟರಿದ್ದರೆ ಕರಕಿ ಹುಲ್ಲು ತರಿಸಿ, ನೆರಳಲ್ಲಿ ಒಣಗಿಸಿ ಚೀಲ ತುಂಬಿಡಿ. ಔಷಧ ಹೊಡೆದ ದ್ರಾಕ್ಷಿ ತೋಟದ ಕಳೆ, ಕಬ್ಬಿನ ಗದ್ದೆಯ ಕಳೆ ಬೇಡ. ಎಳೆ ಜೋಳದ ಪೈರು ಬೇಡವೇ ಬೇಡ, ಅದು ತಿಂದು ದನ ಸತ್ತದ್ದು ನಿಮ್ಮ ಊರಲ್ಲೂ ಕೇಳಿರುತ್ತೀರಿ, ಅದರಲ್ಲಿ ಸಯನೈಡ್ ಹುಟ್ಟುತ್ತದೆ. ಕುದುರೆ ಮೆಂತೆ (ಲೂಸರ್ನ್ ಮೇವು) ಮರಿಗಳಿಗೆ ಒಳ್ಳೆಯದು, ದೊಡ್ಡ ಮೊಲಕ್ಕೆ ಸುಣ್ಣದಂಶ ಜಾಸ್ತಿಯಾಗುತ್ತದೆ. ಹಸಿ ಸೊಪ್ಪಿಗೆ ಕೊತ್ತಂಬರಿ, ಮೂಲಂಗಿ ಎಲೆ, ರೊಟ್ಟಿ ಜೊತೆ ನಾವು ತಿನ್ನುವ ಹಕ್ಕರಕಿ ನಡೆಯುತ್ತದೆ. ಯಾವುದನ್ನೂ ಒಮ್ಮೆಲೇ ಬದಲಾಯಿಸಬೇಡಿ, ಹತ್ತು ಹದಿನೈದು ದಿನ ಹಿಡಿದು ರೊಟ್ಟಿ ಇಳಿಸುತ್ತ ಹುಲ್ಲು ಏರಿಸಿ. ನಿಮ್ಮಲ್ಲಿ ಮಳೆ ಜಾಸ್ತಿ, ಒಣಹುಲ್ಲಿಗೆ ಬೇಗ ಬೂಸ್ಟು ಹಿಡಿಯುತ್ತದೆ. ಹಾಕುವ ಮೊದಲು ಮೂಸಿ ನೋಡಿ, ಮುಗ್ಗಲು ವಾಸನೆ ಬಂದರೆ ಆ ಹುಲ್ಲು ತಿಪ್ಪೆಗೆ ಹಾಕಿ.