ಅಮ್ಮನ ಹೊಟ್ಟೆಯಲ್ಲಿ ನೀರು, ಸೀಟಿ ಸ್ಕ್ಯಾನ್‌ನಲ್ಲಿ ಹೊಟ್ಟೆಯ ಒಳಪೊರೆ ದಪ್ಪ ಅಂತಿದೆ. ಪೆಟ್ ಸ್ಕ್ಯಾನ್ ಮಾಡಿಸಿದರೆ ಕ್ಯಾನ್ಸರ್ ಹೌದೋ ಅಲ್ಲವೋ ಗೊತ್ತಾಗುತ್ತಾ?

ಇದನ್ನು ಓದಿ ನಮ್ಮಪ್ಪನ ಉಡದಾರ ನೆನಪಾಯಿತು. ಮೈ ಇಳಿಯುತ್ತಿತ್ತು, ಹೊಟ್ಟೆ ಮಾತ್ರ ಬೆಳೆಯುತ್ತಿತ್ತು. ಉಡದಾರ ಚರ್ಮದಲ್ಲಿ ಹೂತು ಕೆಂಪು ಬರೆ ಬಿದ್ದಿತ್ತು. ಎರಡು ಸಲ ಗಂಟು ಸಡಿಲ ಮಾಡಿದೆವು, ಮೂರನೇ ಸಲ ಅಮ್ಮ ಕತ್ತರಿ ತಂದರು.

ನಮ್ಮ ಸೀಟಿ ರಿಪೋರ್ಟಿನಲ್ಲೂ ಇದೇ ಮಾತು. ಟಿಬಿ ಇರಬಹುದು, ಕ್ಯಾನ್ಸರೂ ಇರಬಹುದು. ಡಾಕ್ಟರು ಸೂಜಿ ಹಾಕಿ ನೀರು ತೆಗೆಯಲು ನೋಡಿದರು, ಒಂದು ಹನಿ ಬರಲಿಲ್ಲ. ಬಯಾಪ್ಸಿ ಮಾಡೋಣ, ಅಂದರೆ ಒಳಗಿಂದ ತುಣುಕು ತೆಗೆದು ಪರೀಕ್ಷೆ ಮಾಡೋಣ ಅಂದರು. ಸುಮ್ನೆ ಯಾಕೆ ಕೊಯ್ಯಿಸಬೇಕು ಅಂತ ನಾನೇ ಅಡ್ಡ ಬಂದು, ಪೆಟ್ ಸ್ಕ್ಯಾನ್ ಮಾಡಿಸಿದೆ. ಎಲ್ಲೂ ಜಾಸ್ತಿ ಹೊಳಪಿಲ್ಲ ಅಂತ ಬಂತು. ಆಸ್ಪತ್ರೆ ಗೇಟಿನಿಂದಲೇ ಅಮ್ಮನಿಗೆ ಫೋನ್ ಮಾಡಿ "ಕ್ಯಾನ್ಸರ್ ಅಲ್ವಂತೆ" ಅಂದೆ. ರಿಪೋರ್ಟಿನಲ್ಲಿ ಹಾಗೆ ಎಲ್ಲೂ ಬರೆದಿರಲಿಲ್ಲ.

ಪೆಟ್‌ಗೆ ಮುಂಚೆ ವಿಕಿರಣ ಇರುವ ಸಕ್ಕರೆ ಚುಚ್ಚುತ್ತಾರೆ. ಸಕ್ಕರೆ ಜಾಸ್ತಿ ಹೀರುವ ಜೀವಕೋಶಗಳು ಹೊಳೆಯುತ್ತವೆ. ಅಪ್ಪನಿಗಿದ್ದದ್ದು ಸ್ಯೂಡೋಮಿಕ್ಸೋಮಾ. ಸಾಮಾನ್ಯವಾಗಿ ಅಪೆಂಡಿಕ್ಸ್‌ನಲ್ಲಿ ಹುಟ್ಟಿ, ಹೊಟ್ಟೆ ಒಳಗೆಲ್ಲ ಲೋಳೆ ತುಂಬುವ, ಕ್ಯಾನ್ಸರ್ ಜಾತಿಯ ಅಪರೂಪದ ಕಾಯಿಲೆ. ಅದರಲ್ಲಿ ಲೋಳೆಯೇ ಬಹುಪಾಲು, ಜೀವಕೋಶ ಅಲ್ಲೊಂದು ಇಲ್ಲೊಂದು. ಹೊಳೆಯಲು ಏನಿದೆ ಹೇಳಿ? ಸೂಜಿಗೆ ಏನೂ ಬರದಿದ್ದದ್ದೂ ಆ ಲೋಳೆಯಿಂದಲೇ. ಅದೇ ಟಿಬಿ ಇದ್ದಿದ್ದರೆ ಪೆಟ್‌ನಲ್ಲಿ ಚೆನ್ನಾಗಿಯೇ ಹೊಳೆಯಬಹುದಿತ್ತು! ಇದು ತಿಳಿಯದೆ ಐದು ತಿಂಗಳು ನೆಮ್ಮದಿಯಾಗಿ ಕೂತಿದ್ದೆ.

ಕೊನೆಗೆ ಇನ್ನೊಬ್ಬ ರೇಡಿಯಾಲಜಿಸ್ಟ್ ನಮ್ಮ ಹಳೇ ಸೀಟಿಯ ಸಿಡಿ ಹಾಕಿ ಲಿವರಿನ ಅಂಚು ತೋರಿಸಿದರು. ಕಲಸಿದ ಹಿಟ್ಟಿಗೆ ಬೆರಳೊತ್ತಿದ ಹಾಗೆ ಸಾಲು ಗುಳಿಗಳು. "ಬರೀ ನೀರು ಹೀಗೆ ಒತ್ತಲ್ಲ ಕಣ್ರೀ" ಅಂದರು. ಆ ಸಿಡಿ ಅಷ್ಟು ದಿನವೂ ನಮ್ಮ ಬೀರುವಿನಲ್ಲೇ ಇತ್ತು. ಲ್ಯಾಪ್ರೋಸ್ಕೋಪಿ ಮಾಡಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ, ತುಣುಕು ತೆಗೆದ ಮೇಲೆ ಕಾಯಿಲೆಯ ಹೆಸರು ಖಚಿತವಾಯಿತು. ಆಮೇಲೆ ದೊಡ್ಡ ಆಪರೇಷನ್, ಹೊಟ್ಟೆಯೊಳಗೆ ಬಿಸಿ ಕೀಮೋ. ಅದು ಬೇರೆಯೇ ಕತೆ.

ಬೇಜಾರು ಮಾಡ್ಕೋಬೇಡಿ, ನೀವು ಕೇಳುತ್ತಿರುವುದೇ ಸರಿಯಿಲ್ಲ. ಡಾಕ್ಟರ ಹತ್ತಿರ ಬಯಾಪ್ಸಿ ಯಾವಾಗ ಅಂತ ಕೇಳಿ. ಎಲ್ಲಿ, ಎಷ್ಟು ಹರಡಿದೆ ಅನ್ನೋದಕ್ಕೆ ಸ್ಕ್ಯಾನ್ ಬೇಕೇ ಬೇಕು. ಆದರೆ ಅರ್ಧ ಸೆಂಟಿಮೀಟರಿಗಿಂತ ಸಣ್ಣ ಗಂಟುಗಳು ಸೀಟಿಯಲ್ಲಿ ಎಷ್ಟೋ ಸಲ ತಪ್ಪಿಹೋಗುತ್ತವೆ. ರಕ್ತ ಪರೀಕ್ಷೆಯಲ್ಲಿ ಸಿಎ-125 (ಕೆಲವು ಕ್ಯಾನ್ಸರ್‌ಗಳಲ್ಲಿ ಏರುವ ಅಂಶ) ಏರಿದೆ ಅಂತ ಯಾರಾದರೂ ಹೆದರಿಸಿದರೆ, ಹೊಟ್ಟೆಯ ಟಿಬಿಯಲ್ಲೂ ಅದು ಏರುತ್ತೆ ಅನ್ನೋದು ನೆನಪಿರಲಿ. ಮತ್ತೆ, ಹೋಗುವಾಗ ರಿಪೋರ್ಟ್ ಹಾಳೆ ಮಾತ್ರ ಹಿಡ್ಕೊಂಡು ಹೋಗಬೇಡಿ. ಸಿಡಿಯನ್ನೂ ತಗೊಂಡು ಹೋಗಿ.