ಉತ್ಸವಕ್ಕಿಂತ ಮೊದಲು ದಾಖಲೆ

ಪ್ರಶ್ನೆ: ನಮ್ಮ ಸಮುದಾಯದ ಇತಿಹಾಸ, ಕಲೆಗಳನ್ನು ಪರಿಚಯಿಸಲು ಸಂಘವೊಂದನ್ನು ಕಟ್ಟಿದ್ದೇವೆ. ವಾರ್ಷಿಕ ಉತ್ಸವದ ಹೊರತು ಬೇರೇನೂ ತೋಚುತ್ತಿಲ್ಲ. ಎಲ್ಲಿಂದ ಆರಂಭಿಸಬೇಕು?

ಉತ್ತರ: ಉತ್ಸವವನ್ನು ಮುಂದಿನ ವರ್ಷವೂ ನಡೆಸಬಹುದು, ಹಿರಿಯರ ನೆನಪುಗಳಿಗೆ ಅಷ್ಟು ಬಿಡುವಿರುವುದಿಲ್ಲ. ಆದ್ದರಿಂದ ಮೊದಲು ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಿ. ಧ್ವನಿಮುದ್ರಣಕ್ಕೂ ಮುಂದೆ ಅದನ್ನು ಬಳಸುವುದಕ್ಕೂ ಲಿಖಿತ ಒಪ್ಪಿಗೆ ಪಡೆದು, ಹೇಳಿದವರ ಹೆಸರು, ದಿನಾಂಕ, ಸ್ಥಳಗಳನ್ನು ಅಂದೇ ಬರೆದಿಡಬೇಕು. "ನಿಮ್ಮ ಕಾಲ ಹೇಗಿತ್ತು?" ಎಂದು ಕೇಳಿದರೆ ಎಲ್ಲರಿಂದಲೂ ಒಂದೇ ಬಗೆಯ ಉತ್ತರ ಬರುತ್ತದೆ, ಹಳೆಯ ಛಾಯಾಚಿತ್ರವನ್ನೋ ಉಪಕರಣವನ್ನೋ ಕೈಗಿತ್ತು ಕೇಳಿದರೆ, ಯಾರೂ ನಿರೀಕ್ಷಿಸದ ವಿವರಗಳು ತಾವಾಗಿಯೇ ಹೊರಬರುತ್ತವೆ. ಛಾಯಾಚಿತ್ರದ ಹಿಂಬದಿಯಲ್ಲಿ ಹೆಸರು ಬರೆಯುವುದಾದರೆ ಮೃದುವಾದ ಪೆನ್ಸಿಲನ್ನೇ ಬಳಸಿ, ಏಕೆಂದರೆ ಶಾಯಿ ಮುಂಬದಿಗೂ ಇಳಿಯಬಹುದು. ಡಿಜಿಟಲ್ ಕಡತಗಳ 3 ಪ್ರತಿಗಳಿರಲಿ, ಅವುಗಳಲ್ಲಿ ಒಂದಾದರೂ ಬೇರೆ ಕಟ್ಟಡದಲ್ಲಿರಲಿ.

ಯುನೆಸ್ಕೊ 2003ರಲ್ಲಿ ಅಂಗೀಕರಿಸಿದ ಅಮೂರ್ತ ಪರಂಪರೆಯ ಒಡಂಬಡಿಕೆಯು ಮೌಖಿಕ ಪರಂಪರೆ, ಪ್ರದರ್ಶನ ಕಲೆ, ಆಚರಣೆ, ನಿಸರ್ಗಜ್ಞಾನ, ಕರಕುಶಲತೆಗಳನ್ನು ಪರಂಪರೆಯೆಂದೇ ಗುರುತಿಸುವುದಲ್ಲದೆ, ಅವುಗಳ ರಕ್ಷಣೆಯಲ್ಲಿ ಆಯಾ ಸಮುದಾಯವೇ ಪಾಲ್ಗೊಳ್ಳಬೇಕೆನ್ನುತ್ತದೆ. ಹಾಗಾಗಿ ಸ್ಮಾರಕಗಳಿಲ್ಲವೆಂದು ಕೊರಗಬೇಕಿಲ್ಲ.

ಒಂದು ಎಚ್ಚರಿಕೆ. ಇಂತಹ ಸಂಘಗಳು ಹೆಮ್ಮೆಯ ಸಂಗತಿಗಳನ್ನಷ್ಟೇ ಆರಿಸಿಕೊಂಡು, ವಲಸೆ, ಜಗಳ, ಬಡತನಗಳನ್ನು ಮರೆಮಾಚುವುದುಂಟು. ಒಂದೇ ಘಟನೆಯನ್ನು ಇಬ್ಬರು ಭಿನ್ನವಾಗಿ ಹೇಳಿದರೆ ಎರಡನ್ನೂ ಉಳಿಸಿ. ತಿದ್ದಿ ಒಂದಾಗಿಸುವ ಅಧಿಕಾರ ಕಾರ್ಯದರ್ಶಿಗಿಲ್ಲ. ಸಂಗ್ರಹ ಒಂದಿಷ್ಟು ಬೆಳೆದ ಮೇಲೆ ಪ್ರದರ್ಶನ ಏರ್ಪಡಿಸಿ, ವಿವರಫಲಕಗಳನ್ನು ಬರೆಯುವ ಕೆಲಸವನ್ನು ಕಿರಿಯರಿಗೇ ವಹಿಸಿ.